ತಂದೆಯ ಕೆಲಸ, ಮಗುವಿನ ತೂಕ

ಮನೆಯೊಡೆಯನ ಸಂಬಳ ನಿಂತ ಸಂಗತಿಯನ್ನು ನೆರೆಹೊರೆಯವರಿಂದ ಮುಚ್ಚಿಡಬಹುದು. ಮನೆಯ ಮಗುವಿನ ಮೈಯಿಂದ ಮುಚ್ಚಿಡಲಾಗದು.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸಮೀಪದಲ್ಲಿ ಮರಿಯೆಂಟಾಲ್ ಎಂಬ ಗಿರಣಿಯೂರುಂಟು. ಊರಿಗೆಲ್ಲ ಅನ್ನವಿಕ್ಕುತ್ತಿದ್ದ ಅಲ್ಲಿನ ಬಟ್ಟೆಯ ಗಿರಣಿ 1930ರ ವೇಳೆಗೆ ಮುಚ್ಚಿಹೋಯಿತು. 1931–32ರಲ್ಲಿ ಮರೀ ಯಹೋಡಾ ಮೊದಲಾದ ಸಂಶೋಧಕರು ಅಲ್ಲಿಯ ಮಕ್ಕಳು ಶಾಲೆಗೆ ತರುತ್ತಿದ್ದ ಬುತ್ತಿಯನ್ನು ಪರೀಕ್ಷಿಸಿದರು. ನಿರುದ್ಯೋಗಿಗಳಿಗೆ ಸಹಾಯಧನ ದೊರೆತ ಮರುದಿನ ಬುತ್ತಿ ತಕ್ಕಮಟ್ಟಿಗಿತ್ತು. ಧನ ಬರುವ ಮುನ್ನಾದಿನ ಎಷ್ಟೋ ಮಕ್ಕಳಿಗೆ ಒಣ ಬ್ರೆಡ್ಡೇ ಗತಿಯಾಗಿತ್ತು. ಕ್ರಿಸ್‌ಮಸ್ಸಿಗೆ ಬೇಕಾದುದನ್ನು ಬರೆಯಹೇಳಿದಾಗ, ಹೆತ್ತವರಲ್ಲಿ ಹಣವಿಲ್ಲವೆಂಬ ಅರಿವಿನಿಂದಲೇ ಅನೇಕ ಎಳೆಯರು ಆಸೆಯನ್ನು ಅಳೆದು ಹೇಳಿದ್ದರು.

ಎರಡರಿಂದ ಐದು ವರ್ಷದವರೆಗೆ ಮಗುವಿನ ತೂಕ ವರ್ಷಕ್ಕೆ ಸುಮಾರು 2 ಕಿಲೋಗ್ರಾಂ ಏರಬೇಕು. ಖರ್ಚು ಇಳಿಸುವಾಗ ಹಾಲು, ಬೇಳೆ, ಹಣ್ಣುಗಳು ತಟ್ಟೆಯಿಂದ ಮೊದಲು ಮಾಯವಾಗುತ್ತವೆ. ಬರಿಯ ಅನ್ನದಿಂದ ಹೊಟ್ಟೆ ತುಂಬೀತು, ಬೆಳವಣಿಗೆ ಕುಂಠಿತವಾದೀತು. ಕುಂದಿದ ಮೈಗೆ ಭೇದಿ, ಕೆಮ್ಮು ಬೇಗನೆ ಅಂಟುತ್ತವೆ. ಅಗ್ಗದ ಸಿಹಿ ಹಾಗೂ ಕರಿದ ತಿಂಡಿಗಳಿಂದ ತೂಕ ಅತಿಯಾಗುವುದೂ ಉಂಟು.

ಇಂಥ ದಿನಗಳಲ್ಲಿ ಮಗುವನ್ನು ತಿಂಗಳಿಗೊಮ್ಮೆ ತೂಗಿಸಬೇಕು. ಆರು ವರ್ಷದೊಳಗಿನವರಿಗೆ ಅಂಗನವಾಡಿಯಲ್ಲಿ ತೂಕ ನೋಡುವ, ಆಹಾರ ನೀಡುವ ಏರ್ಪಾಡುಂಟು; ಅಲ್ಲಿಗೆ ಹೋಗಲು ಮಧ್ಯಮವರ್ಗದ ಗೃಹಿಣಿ ಸಂಕೋಚಪಡಬೇಕಾಗಿಲ್ಲ. ರಾಗಿ, ಹೆಸರುಕಾಳು, ಕಡಲೆಕಾಯಿ, ಸೊಪ್ಪು ಹೆಚ್ಚಿನ ವೆಚ್ಚವಿಲ್ಲದೆ ಪುಷ್ಟಿ ಕೊಡುತ್ತವೆ. ಬೇರೆ ಯಾವ ಖರ್ಚನ್ನು ಕಡಿದರೂ ಮಗುವಿನ ಹಾಲನ್ನು ಕೊನೆಯವರೆಗೆ ಉಳಿಸಬೇಕು.

ತಂದೆಗೆ ಕೆಲಸ ಮರಳಿ ದೊರೆತೀತು. ಬೆಳೆಯುವ ವಯಸ್ಸು ಮರಳಿ ದೊರೆಯದು.