ಮೈಯೊಳಗಿನ ಕಾವು

ಮಗುವಿನ ಮೈ ಬಿಸಿಯಾದರೆ ಹಣೆಯ ಮೇಲೆ ಕೈಯಿಟ್ಟು ನೋಡುತ್ತೇವೆ. ಸಂಶಯ ಬಂದರೆ ಥರ್ಮಾಮೀಟರು ಇಡುತ್ತೇವೆ. ಆದರೆ ಹೊಟ್ಟೆಯೊಳಗಿನ ಒಂದು ಗಡ್ಡೆ ಈ ಗಳಿಗೆಯಲ್ಲಿ ಎಷ್ಟು ಕಾದಿದೆಯೆಂದು ತಿಳಿಯುವುದು ಹೇಗೆ? ವಾಚಕರು ನಗಬಾರದು, ಇದರ ಮೇಲೆ ಒಂದು ಚಿಕಿತ್ಸೆಯೇ ನಿಂತಿದೆ. ಗರ್ಭಕೋಶದ ಫೈಬ್ರಾಯಿಡ್ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಒಂದೆಡೆ ಕೂಡಿಸಿ ಸುಡುತ್ತಾರೆ. ಭೂತಗನ್ನಡಿಯಿಂದ ಬಿಸಿಲು ಕೂಡಿಸಿ ಕಾಗದ ಸುಟ್ಟಂತೆಯೇ. ಅಮೆರಿಕದಲ್ಲಿ ಇದಕ್ಕೆ 2004ರಲ್ಲಿ ಅನುಮತಿ ದೊರೆಯಿತು. ಗಡ್ಡೆ 55-60 ಡಿಗ್ರಿ ಸೆಂಟಿಗ್ರೇಡು ಮುಟ್ಟಬೇಕು, ಪಕ್ಕದ ಕರುಳಿಗೂ ನರಕ್ಕೂ ಬಿಸಿ ತಾಗಬಾರದು.

ಆ ಕಾವನ್ನು ಹೊರಗಿನಿಂದಲೇ ಅಳೆಯುವುದು ಎಂ.ಆರ್.ಐ. ಯಂತ್ರ. ಬಲವಾದ ಅಯಸ್ಕಾಂತದ ನಡುವೆ ಜಲಜನಕದ ಪರಮಾಣು ಬೀಜಗಳು ತಮ್ಮದೇ ಒಂದು ಶ್ರುತಿಯಲ್ಲಿ ಮಿಡಿಯುತ್ತವೆ. ಈ ವಿದ್ಯೆ ನಮ್ಮವರಿಗೆ ತೀರ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಮಿಡಿತವನ್ನು ಹಿಡಿದು 1951ರಲ್ಲಿಯೇ ಪ್ರಕಟಿಸಿದ್ದರು.

ಒಂದೂವರೆ ಟೆಸ್ಲಾ ಬಲದ ಯಂತ್ರದಲ್ಲಿ ಈ ಮಿಡಿತ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ. ನೀರಿನ ಕಣಗಳು ಒಂದರ ಕೈಯನ್ನೊಂದು ಹಿಡಿದಿರುತ್ತವೆ. ಕಾವೇರಿದಂತೆ ಹಿಡಿತ ಸಡಿಲಾಗಿ ಅವುಗಳ ಜಲಜನಕದ ಶ್ರುತಿ ಇಳಿಯುತ್ತದೆ. ಎಷ್ಟು? ಹತ್ತು ಡಿಗ್ರಿ ಏರಿದರೆ ಆರು ಮಿಡಿತದಷ್ಟು. ಆರು ಕೋಟಿಯ ಲೆಕ್ಕದಲ್ಲಿ ಆರು ರೂಪಾಯಿ ಹುಡುಕಿದಂತೆ! ನಮ್ಮ ಆಡಿಟ್ ಸಾಹೇಬರೂ ಇಷ್ಟು ಕೆದಕಲಾರರು.

ತೊಡಕು ಇಲ್ಲಿಯೇ ಇದೆ. ಕೆಲಸ ನಡೆದಂತೆ ಅಯಸ್ಕಾಂತದ ಬಲವೂ ಕೂದಲೆಳೆಯಷ್ಟು ಸರಿಯುತ್ತದೆ. ಶ್ರುತಿ ಇಳಿದದ್ದು ಗಡ್ಡೆ ಕಾದದ್ದರಿಂದಲೋ ಯಂತ್ರದ ದೋಷದಿಂದಲೋ? ಆಗ ನೆರವಿಗೆ ಬರುವುದು, ನಾವೆಲ್ಲ ಬೈಯುವ ಕೊಬ್ಬು. ಕೊಬ್ಬಿನ ಜಲಜನಕ ಇಂಗಾಲಕ್ಕೆ ಅಂಟಿಕೊಂಡದ್ದು; ನೀರಿನಂತೆ ನೆರೆಯವರ ಕೈ ಹಿಡಿಯುವುದಿಲ್ಲ. ಆದುದರಿಂದ ಕಾವು ಏರಿದರೂ ಅದರ ಶ್ರುತಿ ಬಹುಮಟ್ಟಿಗೆ ಕದಲದು. ಅದೂ ಕದಲಿತೆಂದರೆ ತಪ್ಪು ಅಯಸ್ಕಾಂತದ್ದು. ಅಷ್ಟನ್ನು ನೀರಿನ ಲೆಕ್ಕದಿಂದ ಕಳೆದರಾಯಿತು. ಪುಣೆಯಲ್ಲಿ ಸವಾಯಿ ಗಂಧರ್ವರ ಹೆಸರಿನ ಉತ್ಸವಕ್ಕೆ ಹೋಗಿ ಕುಳಿತವರಿಗೆ ಹೆಚ್ಚು ವಿವರಿಸಬೇಕಿಲ್ಲ: ಹಾಡುವವರ ಸ್ವರ ಜಾರಿತೆಂದು ತಂಬೂರಿ ಇರುವುದರಿಂದಲ್ಲವೇ ಗೊತ್ತಾಗುವುದು?

ಆದರೆ ಆ ತಂಬೂರಿಗೇ ಬೆಂಕಿ ತಗುಲಿದರೆ? ಶಬ್ದದ ಅಲೆ ಗಡ್ಡೆಯನ್ನು ತಲುಪುವ ಮೊದಲು ಹೊಟ್ಟೆಯ ಚರ್ಮದಡಿಯ ಕೊಬ್ಬಿನ ಪದರವನ್ನು ದಾಟಬೇಕು. ಅದೂ ಕಾಯುತ್ತದೆ, ಕಾದರೂ ಶ್ರುತಿಯಲ್ಲಿ ತೋರಗೊಡುವುದಿಲ್ಲ. ಮೇಲೆ ಚರ್ಮ ಸುಡುವ ಭಯವಿರುವುದು ಇದರಿಂದಲೇ. ಇಂತಹ ಕಡೆ ಶ್ರುತಿಯನ್ನು ಬಿಟ್ಟು ಬೇರೊಂದನ್ನು ನೋಡುತ್ತಾರೆ: ತಟ್ಟಿ ಕದಲಿಸಿದ ಬೀಜಗಳು ಮರಳಿ ನೆಲೆಗೆ ಬರಲು ಹಿಡಿಯುವ ಕಾಲ. ಕೊಬ್ಬು ಬಿಸಿಯಾದಷ್ಟೂ ಆ ಕಾಲ ಹೆಚ್ಚುತ್ತದೆ. ಈ ಅಳತೆ ನೀರಿನದರಷ್ಟು ಚುರುಕಲ್ಲ. ನಮಗೆ ತೋರುವಂತೆ ಈ ವಿದ್ಯೆಯಲ್ಲಿ ಇನ್ನೂ ಪಳಗಬೇಕಾದ ಭಾಗ ಇದೇ. ಆದ್ದರಿಂದ ವೈದ್ಯರು ಒಮ್ಮೆ ಕಾಯಿಸಿ, ಆರಲು ಬಿಟ್ಟು, ಮತ್ತೆ ಕಾಯಿಸುತ್ತಾರೆ.

ರೋಗಿಯ ಕೈಯಲ್ಲೊಂದು ಗುಂಡಿಯನ್ನೂ ಕೊಟ್ಟಿರುತ್ತಾರೆ. ಚರ್ಮ ಚುರುಗುಟ್ಟಿದರೆ ಅದನ್ನು ಒತ್ತಬೇಕು. ಅಲೆ ಆ ಕ್ಷಣವೇ ನಿಲ್ಲುತ್ತದೆ. ನಮ್ಮ ಮನೆಗಳ ಹೆಂಗಸರು ನೋವನ್ನು ನುಂಗಿ ಸುಮ್ಮನಿರುವುದರಲ್ಲಿ ಹೆಸರಾದವರು. ಅಲ್ಲಿ ಮಾತ್ರ ಸುಮ್ಮನಿರಬಾರದು, ಗುಂಡಿಯನ್ನು ಒತ್ತಿಬಿಡಬೇಕು.