ಇಂಗ್ಲಿಷ್‌ನಲ್ಲಿ ಗೆದ್ದ ಮೇಲೆ ಬಂದ ಸ್ಪ್ಯಾನಿಷ್ ಆಲ್ಬಂ

ಷಕೀರಾ ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2010ರ ಫುಟ್‌ಬಾಲ್ ವಿಶ್ವಕಪ್‌ನ 'ವಾಕಾ ವಾಕಾ'. ಆದರೆ ಅವರನ್ನು ಸರಿಯಾಗಿ ತಿಳಿಯಬೇಕಿದ್ದರೆ 2002ರ ನವೆಂಬರ್‌ನಲ್ಲಿ ಬಂದ 'ಗ್ರಾಂದೆಸ್ ಎಕ್ಸಿತೋಸ್' ಕೇಳಬೇಕು ಎನ್ನುತ್ತೇವೆ ನಾವು. ಹೆಸರಿನ ಅರ್ಥ 'ದೊಡ್ಡ ಹಿಟ್‌ಗಳು'. ಹಳೆಯ ಹಾಡುಗಳ ಸಂಕಲನ ಅಷ್ಟೇ, ಹೊಸದೇನಿಲ್ಲ.

ಅದು ಬಂದ ಹೊತ್ತನ್ನು ಗಮನಿಸಿ. ಹಿಂದಿನ ವರ್ಷವಷ್ಟೇ 'ಲಾಂಡ್ರಿ ಸರ್ವಿಸ್' ಎಂಬ ಮೊದಲ ಇಂಗ್ಲಿಷ್ ಆಲ್ಬಂ ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಮಾರಾಟವಾಗುವ ದಾರಿ ಹಿಡಿದಿತ್ತು. 'ಕೊಲಂಬಿಯಾದ ಹುಡುಗಿ ಇಂಗ್ಲಿಷ್ ಕಲಿತು ಉದ್ಧಾರವಾದಳು' ಎಂದು ಮಾತಾಡಿಕೊಳ್ಳುವವರಿಗೆ ಕಡಿಮೆಯಿರಲಿಲ್ಲ. ಆಗ ಕಂಪನಿ ಅಂಗಡಿಗೆ ತಂದಿಟ್ಟದ್ದು ಸ್ಪ್ಯಾನಿಷ್ ಹಾಡುಗಳ ಸಂಕಲನ. ವ್ಯಾಪಾರದ ಲೆಕ್ಕ ಇದ್ದೇ ಇತ್ತು. ಹೊಸ ಕೇಳುಗರಿಗೆ ಹಳೆಯ ಸರಕು ಮಾರುವುದು ಸುಲಭ. ಆದರೆ ಅದರೊಳಗಿನ ಬಹುಪಾಲು ಹಾಡುಗಳು ಇಂಗ್ಲಿಷ್‌ಗೆ ಬರುವ ಮೊದಲಿನವೇ. 1995ರ 'ಪಿಯೆಸ್ ದೆಸ್ಕಾಲ್ಸೋಸ್', 1998ರ 'ದೋಂದೆ ಎಸ್ತಾನ್ ಲೋಸ್ ಲಾದ್ರೋನೆಸ್' ಆಲ್ಬಂಗಳಿಂದಲೇ ಲ್ಯಾಟಿನ್ ಅಮೆರಿಕದ ಮನೆಮನೆಗೆ ಅವರು ತಲುಪಿಯಾಗಿತ್ತು. (ಎರಡನೆಯದರ ಅರ್ಥ 'ಕಳ್ಳರೆಲ್ಲಿದ್ದಾರೆ?'. ಬೊಗೊಟಾ ವಿಮಾನ ನಿಲ್ದಾಣದಲ್ಲಿ ಸಾಹಿತ್ಯವಿದ್ದ ಬ್ಯಾಗ್ ಕಳುವಾದದ್ದೇ ಆ ಹೆಸರಿಗೆ ಕಾರಣ.) ಇಂಗ್ಲಿಷ್‌ನ 'ವೆನೆವರ್, ವೇರೆವರ್' ಸಹ ಇಲ್ಲಿ 'ಸುಯೆರ್ತೆ' ಎಂಬ ಸ್ಪ್ಯಾನಿಷ್ ರೂಪದಲ್ಲೇ ಇದೆ. ಅದೃಷ್ಟ ಎಂದು ಅದರ ಅರ್ಥ.

ಇಂಗ್ಲಿಷ್ ಅವರನ್ನು ಕಲಾವಿದೆಯಾಗಿ ಮಾಡಲಿಲ್ಲ, ಇನ್ನಷ್ಟು ಜನರಿಗೆ ತಲುಪಿಸಿತು. ಈ ಸಂಕಲನ ಅದನ್ನು ಯಾವ ಭಾಷಣವೂ ಇಲ್ಲದೆ ಹೇಳಿಬಿಡುತ್ತದೆ.

ನಮ್ಮದೊಂದು ತಕರಾರಿದೆ. 14ರ ವಯಸ್ಸಿನಲ್ಲಿ ಬಂದ 'ಮಾಹಿಯಾ' (1991), ನಂತರದ 'ಪೆಲಿಗ್ರೋ' (1993) ಎರಡರಿಂದಲೂ ಒಂದು ಹಾಡೂ ಇಲ್ಲಿಲ್ಲ. ಎರಡೂ ಮಾರಾಟವಾಗಿರಲಿಲ್ಲ, ಹಿಟ್ ಅಲ್ಲದ್ದು ಹಿಟ್‌ಗಳ ಪಟ್ಟಿಗೆ ಸೇರದಿರುವುದು ನ್ಯಾಯವೇ. ಆದರೂ ಸೋತ ಎರಡು ಹೆಜ್ಜೆ ಕಾಣದಿದ್ದರೆ ಮೊದಲ ಹಾಡಿಗೇ ಗೆದ್ದವರಂತೆ ತೋರುತ್ತಾರೆ. ಒಂದಾದರೂ ಇರಬೇಕಿತ್ತು.

2005ರಲ್ಲಿ ಷಕೀರಾ ಮೊದಲು ಹೊರತಂದದ್ದು ಸ್ಪ್ಯಾನಿಷ್ ಆಲ್ಬಂ, ಇಂಗ್ಲಿಷ್‌ನದು ಆಮೇಲೆ. ಅದರ 'ಲಾ ತೊರ್ತೂರಾ' ಸ್ಪ್ಯಾನಿಷ್‌ನಲ್ಲೇ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 23ನೇ ಸ್ಥಾನಕ್ಕೆ ಏರಿತು.