ಕೈಬಿಡಿ, ಆದರೆ ಹೇಳಿ ಕೈಬಿಡಿ

‘ನಿಮ್ಮ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಸಪೋರ್ಟ್ ಇಲ್ಲ.’ ಪರದೆಯ ಮೇಲೆ ಈ ಸಾಲು ಬಂದಾಗ ಹಾಸ್ಟೆಲ್‌ನಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹೊಸ ಲ್ಯಾಪ್‌ಟಾಪ್ ಇರುವವರು ‘ಇನ್ನೂ ಅದೇ ಹಳೇದನ್ನು ಇಟ್ಕೊಂಡಿದ್ದೀಯಾ?’ ಎಂದು ನಗುತ್ತಾರೆ. ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ನಲ್ಲೇ ಓದುತ್ತಿರುವವರು ‘ಕಂಪನಿಗಳಿಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗುತ್ತೆ’ ಎಂದು ಬೈಯುತ್ತಾರೆ. ನನ್ನ ಪ್ರಕಾರ ಹಳೆಯದನ್ನು ಕೈಬಿಡುವುದು ತಪ್ಪಲ್ಲ. ಹೇಳದೆ ಕೈಬಿಡುವುದು ತಪ್ಪು. ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದಿರುವುದು ಇನ್ನೂ ದೊಡ್ಡ ತಪ್ಪು.

ನಾವೆಲ್ಲ ಕಲಿಯುವ ಪೈಥಾನ್ ಭಾಷೆಯನ್ನೇ ನೋಡಿ. ಮೈಕ್ರೋಸಾಫ್ಟ್ 2020ರ ಜನವರಿ 14ರಂದು ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.9 ವಿಂಡೋಸ್ 7ರಲ್ಲಿ ಓಡುವುದಿಲ್ಲ. ಇದು ದಿಢೀರ್ ನಿರ್ಧಾರವಲ್ಲ. ಮೈಕ್ರೋಸಾಫ್ಟ್ ಬೆಂಬಲಿಸುವ ವಿಂಡೋಸ್‌ಗಳನ್ನಷ್ಟೇ ಹೊಸ ಆವೃತ್ತಿ ಬೆಂಬಲಿಸುತ್ತದೆ ಎಂಬ ನಿಯಮ ಬರಹದಲ್ಲೇ ಇದೆ. ಡೌನ್‌ಲೋಡ್ ಪುಟದಲ್ಲಿ ಆ ಸೂಚನೆಯೂ ಇದೆ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಆವೃತ್ತಿಯಾದ 3.8ಕ್ಕೆ 2024ರವರೆಗೂ ಭದ್ರತಾ ತಿದ್ದುಪಡಿ ಸಿಕ್ಕಿತು. ಅಂದರೆ ಹಳೆಯ ಯಂತ್ರದವರಿಗೆ ನಾಲ್ಕು ವರ್ಷಕ್ಕೂ ಹೆಚ್ಚು ಸಮಯ ಕೊಟ್ಟಂತಾಯಿತು.

‘ಹಳೆಯದರಲ್ಲೂ ಓಡುವಂತೆ ಮಾಡಲು ಇವರಿಗೇನು ಕಷ್ಟ?’ ಎಂದು ಕೇಳಬಹುದು. ಕಷ್ಟವಿದೆ. ಬೆಂಬಲಿಸುವ ಪ್ರತಿ ಸಿಸ್ಟಮ್‌ನಲ್ಲೂ ಪ್ರತಿ ಬದಲಾವಣೆಯನ್ನು ಪರೀಕ್ಷಿಸಬೇಕು. ಹಳೆಯದರಲ್ಲಿ ಇಲ್ಲದ ಸೌಲಭ್ಯಕ್ಕೆ ಬೇರೆಯದೇ ಕೋಡ್ ಬರೆದು ಕಾಪಾಡಬೇಕು. ಇಂಥ ಓಪನ್ ಸೋರ್ಸ್ ಯೋಜನೆಗಳಲ್ಲಿ ಬಹಳಷ್ಟು ಕೆಲಸ ಮಾಡುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಭಾನುವಾರಗಳನ್ನು ನಾವು ಪುಕ್ಕಟೆಯಾಗಿ ಕೇಳುತ್ತಿದ್ದೇವೆ ಎಂಬುದು ನೆನಪಿರಬೇಕು.

ಹಳೆಯದಕ್ಕೆ ಅಂಟಿಕೊಳ್ಳುವುದು ಅಪಾಯಕಾರಿ ಕೂಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ನಡೆದಾಗ ಬ್ರಿಟನ್‌ನ ಆಸ್ಪತ್ರೆಗಳು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದು ಮಾಡಬೇಕಾಯಿತು. ಅದಕ್ಕೆ ಬೇಕಾದ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿ ಬಳಸುವ ಎಲ್ಲರಿಗೂ ಪ್ಯಾಚ್ ಸಿಕ್ಕಿದ್ದು ದಾಳಿ ನಡೆದ ಮೇಲೆಯೇ.

ಹಾಗೆಂದು ಕೈಬಿಡುವವರು ಮಾಡಿದ್ದೆಲ್ಲ ಸರಿಯೆಂದಲ್ಲ. ಅವರಿಂದ ನಾವು ಮೂರು ವಿಷಯ ಕೇಳಬೇಕು: ಮುಂಚಿತವಾಗಿ ದಿನಾಂಕ, ಹಳೆಯ ಯಂತ್ರದಲ್ಲಿ ಓಡುವ ಕೊನೆಯ ಆವೃತ್ತಿ ಮತ್ತು ಮುಂದಿನ ದಾರಿ. ವಿಂಡೋಸ್ 10ರ ವಿಷಯದಲ್ಲಿ ಎಡವಿದ್ದು ಮೂರನೆಯದರಲ್ಲಿ. 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುತ್ತದೆ ಎಂದು ವರ್ಷಗಳ ಮೊದಲೇ ಹೇಳಿದ್ದರು. ಮನೆಬಳಕೆಯವರಿಗೆ ಒಂದು ವರ್ಷ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೂ ಅವಕಾಶ ಕೊಟ್ಟರು. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಚಿಪ್ ಬೇಕು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ಅದರ ಪಟ್ಟಿಯಲ್ಲೇ ಇಲ್ಲ. ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪ್ ಒಂದು ತಾರೀಕಿಗೆ ‘ಹಳೆಯದು’ ಆಗಿಬಿಟ್ಟರೆ, ಅದರ ಕಂತು ಕಟ್ಟಿದ ಅಪ್ಪ ಅಮ್ಮನಿಗೆ ಏನೆಂದು ವಿವರಿಸುವುದು?

ಇನ್ನು ನಮ್ಮ ಕಾಲೇಜುಗಳ ಮಾತು. ವಿಂಡೋಸ್ 7 ಇರುವ ಲ್ಯಾಬ್‌ಗಳು ಈಗಲೂ ಇವೆ. ಡೇಟಾ ವಿಶ್ಲೇಷಣೆಗೆ ಎಲ್ಲರೂ ಬಳಸುವ ಪಾಂಡಾಸ್ ಲೈಬ್ರರಿಯ 2.1 ಆವೃತ್ತಿಗೆ ಪೈಥಾನ್ 3.9 ಬೇಕು. 3.9 ಈ ಯಂತ್ರಗಳಲ್ಲಿ ಓಡುವುದಿಲ್ಲ. ಹೀಗೆ ಒಂದಕ್ಕೊಂದು ಕೊಂಡಿ ಬಿದ್ದು, ಕೊನೆಗೆ ಪ್ರಾಜೆಕ್ಟ್ ನಿಲ್ಲುವುದು ವಿದ್ಯಾರ್ಥಿಯದು. ಸ್ವಂತ ಲ್ಯಾಪ್‌ಟಾಪ್ ಇರುವವರು ರೂಮಿಗೆ ಹೋಗಿ ಮುಗಿಸುತ್ತಾರೆ. ಇಲ್ಲದವರಿಗೆ ಆ ಲ್ಯಾಬೇ ಗತಿ. ಬೆಂಬಲ ಮುಗಿಯುವ ತಾರೀಕುಗಳು ಗುಟ್ಟೇನಲ್ಲ. ಪರೀಕ್ಷಾ ವೇಳಾಪಟ್ಟಿಯಂತೆ ಅವನ್ನೂ ಲ್ಯಾಬ್‌ನ ಗೋಡೆಗೆ ಅಂಟಿಸಿ, ಆ ವರ್ಷದ ಬಜೆಟ್‌ನಲ್ಲಿ ಬದಲಾವಣೆಗೆ ಹಣ ಇಟ್ಟರೆ ಸಾಕು.

ಹಣವಿಲ್ಲದಿದ್ದರೂ ದಾರಿ ಇದೆ. ಲಿನಕ್ಸ್ ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ದರೂ ಸಾಕು, 4 ಜಿಬಿ ಇದ್ದರೆ ಆರಾಮ. ಲೈಸೆನ್ಸ್ ಖರ್ಚಿಲ್ಲ. ಪಕ್ಕದ ಕೇರಳದ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಎಂಜಿನಿಯರಿಂಗ್ ಕಾಲೇಜಿಗೆ ಅದು ಆಗದ ಕೆಲಸವೇ?

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಆನ್‌ಲೈನ್ ಪರೀಕ್ಷೆಯ ಬೆಳಿಗ್ಗೆ ‘ಬ್ರೌಸರ್ ಹಳೆಯದು’ ಎಂಬ ಸಂದೇಶ ನೋಡುವಂತಾಗಬಾರದು. ಕ್ರೋಮ್ ಕೂಡ ವಿಂಡೋಸ್ 7 ಮತ್ತು 8.1ರಲ್ಲಿ 109ನೇ ಆವೃತ್ತಿಗೇ ನಿಂತುಹೋಗಿದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಯಾವ ಆವೃತ್ತಿ ಇದೆ, ಅದಕ್ಕೆ ಯಾವತ್ತಿನವರೆಗೆ ಬೆಂಬಲ ಇದೆ ಎಂಬುದನ್ನು ಇವತ್ತೇ ನೋಡಿಟ್ಟುಕೊಳ್ಳಿ. ನಾಳೆ ನಾವೇ ಸಾಫ್ಟ್‌ವೇರ್ ಬರೆಯುವವರು. ಆಗ ಹಳೆಯದನ್ನು ಕೈಬಿಡುವ ಸರದಿ ನಮ್ಮದು. ಆ ತಾರೀಕನ್ನು ದೊಡ್ಡ ಅಕ್ಷರದಲ್ಲಿ, ಮೊದಲೇ ಬರೆಯೋಣ.